ರೆಕ್ಕೆಯೊಳಗಿನ ತಿರುಪು ನಿಮ್ಮ ಕೈಯಲ್ಲಿ ತಯಾರಾಗಲಿ

ಸಿಇಟಿ ಕೌನ್ಸೆಲಿಂಗ್ ಹತ್ತಿರವಾದರೆ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಒಂದೇ ಲೆಕ್ಕಾಚಾರ. ಕಂಪ್ಯೂಟರ್ ಸೈನ್ಸ್ ಸಿಕ್ಕಿದರೆ ನೆಂಟರಿಗೆಲ್ಲ ಫೋನು. ಮೆಕ್ಯಾನಿಕಲ್ಲೋ ಎಲೆಕ್ಟ್ರಿಕಲ್ಲೋ ಬಂದರೆ, ‘ಇರಲಿ ಬಿಡು ಮಗಾ, ಆಮೇಲೆ ಯಾವುದಾದರೂ ಸಾಫ್ಟ್‌ವೇರ್ ಕೋರ್ಸ್ ಮಾಡಿದರಾಯಿತು’ ಎಂಬ ಸಮಾಧಾನ. ಡಿಪ್ಲೊಮಾ ಓದುವವರಿಗೆ, ಐಟಿಐನಲ್ಲಿ ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಕಲಿಯುವವರಿಗೆ ಆ ಸಮಾಧಾನವೂ ಇಲ್ಲ. ಸೀಟು ಸಿಕ್ಕಿದ ದಿನವೇ ಸೋತವರಂತೆ ತಲೆತಗ್ಗಿಸಿ ಕಾಲೇಜಿಗೆ ಹೋಗುವ ಆ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನೀವು ಸೋತಿಲ್ಲ. ಮೋಟಾರು, ಗೇರು, ತಿರುಪು, ಬೇರಿಂಗು, ಗ್ರೀಸು ಇವೆಲ್ಲ ಹಳೆಯ ವಿದ್ಯೆ ಎಂದು ಜನ ಬದಿಗಿಟ್ಟಿದ್ದಾರೆ. ಆದರೆ ಇದೇ ವಿದ್ಯೆಗಳು ವಿಮಾನದೊಳಗೆ, ಮನುಷ್ಯ ಕಟ್ಟಿರುವ ಅತಿ ಕಠಿಣ ಯಂತ್ರಗಳಲ್ಲೊಂದರಲ್ಲಿ ಮತ್ತೆ ಒಟ್ಟುಗೂಡುತ್ತಿವೆ. ಅದರ ಹೆಸರು ಎಲೆಕ್ಟ್ರೋಮೆಕ್ಯಾನಿಕಲ್ ಆಕ್ಚುಯೇಟರ್.

ರೆಕ್ಕೆಯ ಹಿಂಬದಿಯಲ್ಲಿ, ಬಾಲದಲ್ಲಿ ಮೇಲೆ ಕೆಳಗೆ ಆಡುವ ಹಲಗೆಗಳನ್ನು ನೋಡಿದ್ದೀರಿ. ಪೈಲಟ್ ಆಜ್ಞೆ ಕೊಟ್ಟಂತೆ ಅವು ಆಡುತ್ತವೆ, ಅವು ಆಡಿದಂತೆ ವಿಮಾನ ಏರುತ್ತದೆ, ಇಳಿಯುತ್ತದೆ, ತಿರುಗುತ್ತದೆ. ಗಂಟೆಗೆ ನೂರಾರು ಕಿಲೋಮೀಟರ್ ವೇಗದ ಗಾಳಿಯ ಎದುರು ಆ ಹಲಗೆಯನ್ನು ತಳ್ಳಬೇಕು, ಎಳೆಯಬೇಕು, ಹೇಳಿದ ಜಾಗದಲ್ಲಿ ಅಲುಗದಂತೆ ಹಿಡಿದು ನಿಲ್ಲಿಸಬೇಕು. ಈ ಕೆಲಸ ಮಾಡುವುದು ಆಕ್ಚುಯೇಟರ್. ಚಕ್ರ ಇಳಿಸುವುದು, ಬ್ರೇಕ್ ಒತ್ತುವುದು, ಸರಕಿನ ಬಾಗಿಲು ತೆರೆಯುವುದು, ಇಳಿದ ಮೇಲೆ ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವುದು, ಎಲ್ಲಕ್ಕೂ ಅದೇ ಜಾತಿಯ ಯಂತ್ರ ಬೇಕು. ದಶಕಗಳ ಕಾಲ ಇದೆಲ್ಲ ನಡೆದದ್ದು ಎಣ್ಣೆಯ ಒತ್ತಡದಿಂದ. ಎಂಜಿನ್ನಿಗೆ ಜೋಡಿಸಿದ ಪಂಪು, ಅಲ್ಲಿಂದ ಇಡೀ ವಿಮಾನಕ್ಕೆ ಹಬ್ಬಿದ ಕೊಳವೆಗಳು, ಕೊನೆಯಲ್ಲಿ ಸಿಲಿಂಡರು ಮತ್ತು ಪಿಸ್ಟನ್ನು. ನಮ್ಮ ಜೆಸಿಬಿಯ ತೋಳು ಏಳುವುದೂ ಇದೇ ಹೈಡ್ರಾಲಿಕ್ ತತ್ತ್ವದಿಂದ.

ವಿದ್ಯುತ್ ಆಕ್ಚುಯೇಟರಿನಲ್ಲಿ ಆ ಕೊಳವೆಗಳಿಲ್ಲ. ತಂತಿಯಲ್ಲಿ ಕರೆಂಟು ಬರುತ್ತದೆ, ಬಲವಾದ ಆಯಸ್ಕಾಂತಗಳಿರುವ ಮೋಟಾರು ತಿರುಗುತ್ತದೆ, ಗೇರುಗಳು ಆ ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುತ್ತವೆ, ಬಾಲ್ ಸ್ಕ್ರೂ ಎಂಬ ತಿರುಪು ಸುತ್ತುವ ಚಲನೆಯನ್ನು ನೇರ ಚಲನೆಯಾಗಿ ಮಾಡುತ್ತದೆ. ಹಲಗೆ ಎಷ್ಟು ಸರಿದಿದೆ ಎಂದು ಒಂದು ಸಂವೇದಕ ಕ್ಷಣಕ್ಷಣಕ್ಕೂ ವರದಿ ಕೊಡುತ್ತದೆ, ಎಲೆಕ್ಟ್ರಾನಿಕ್ ಪೆಟ್ಟಿಗೆ ಆಜ್ಞೆಗೂ ವರದಿಗೂ ಇರುವ ವ್ಯತ್ಯಾಸ ನೋಡಿ ಕರೆಂಟು ತಿದ್ದುತ್ತದೆ. ಓದಿದರೆ ಇಷ್ಟೇ. ನೆಲದ ಮೇಲೆ ಐವತ್ತು ಡಿಗ್ರಿ ಬಿಸಿಲು ತಾಳಿ, ಅರ್ಧ ಗಂಟೆಯಲ್ಲಿ ಸೊನ್ನೆಗಿಂತ ಐವತ್ತು ಡಿಗ್ರಿಗೂ ಕೆಳಗಿನ ಚಳಿಗೆ ಹೋಗಿ, ಮಿಂಚು ಬಡಿದರೂ ಕೆಡದೆ, ದಶಕಗಳ ಕಾಲ ಹೀಗೇ ದುಡಿಯುವಂತೆ ಅದನ್ನು ಮಾಡುವುದಿದೆಯಲ್ಲ, ಅಲ್ಲಿಂದ ನಿಜವಾದ ಎಂಜಿನಿಯರಿಂಗ್ ಶುರುವಾಗುತ್ತದೆ.

ಚೆನ್ನಾಗಿ ನಡೆಯುತ್ತಿದ್ದ ಎಣ್ಣೆಯನ್ನು ಬಿಡುವುದೇಕೆ? ತೂಕ ಒಂದು ಕಾರಣ, ಸೋರಿಕೆಯ ನಿರ್ವಹಣೆ ಇನ್ನೊಂದು. ಆದರೆ ಯುವ ಎಂಜಿನಿಯರ್ ಆದವರು ಮರೆಯಬಾರದ ಕಾರಣ ಬೇರೆ ಇದೆ. 12 ಆಗಸ್ಟ್ 1985ರಂದು ಟೋಕಿಯೊದಿಂದ ಒಸಾಕಾಗೆ ಹೊರಟ ಜಪಾನ್ ಏರ್‌ಲೈನ್ಸ್‌ನ ಬೋಯಿಂಗ್ 747 ವಿಮಾನದ ಹಿಂಭಾಗದ ಒತ್ತಡದ ಗೋಡೆ ಒಡೆಯಿತು. ವರ್ಷಗಳ ಹಿಂದೆ ತಪ್ಪಾಗಿ ಮಾಡಿದ ರಿಪೇರಿ ಅದಕ್ಕೆ ಕಾರಣ. ನುಗ್ಗಿದ ಗಾಳಿ ಬಾಲದ ನೆಟ್ಟನೆಯ ರೆಕ್ಕೆಯನ್ನು ಹಾರಿಸಿತು, ಅದರೊಂದಿಗೆ ನಾಲ್ಕೂ ಹೈಡ್ರಾಲಿಕ್ ವ್ಯವಸ್ಥೆಗಳ ಕೊಳವೆ ಹರಿದು ಎಣ್ಣೆ ಖಾಲಿಯಾಯಿತು. ನಾಲ್ಕು ಎಂಜಿನ್ನುಗಳೂ ಓಡುತ್ತಿದ್ದವು, ಆದರೆ ಒಂದು ಹಲಗೆಯನ್ನೂ ಅಲುಗಿಸಲು ಆಗುತ್ತಿರಲಿಲ್ಲ. ಪೈಲಟ್‌ಗಳು ಅರ್ಧ ಗಂಟೆ ಹೋರಾಡಿದರು. ವಿಮಾನದಲ್ಲಿದ್ದ 524 ಜನರಲ್ಲಿ ಉಳಿದವರು ನಾಲ್ವರು.

ನಾಲ್ಕು ವರ್ಷ ಕಳೆದು, 19 ಜುಲೈ 1989ರಂದು, ಅಮೆರಿಕದ ಯುನೈಟೆಡ್ 232ನೇ ವಿಮಾನದ ಬಾಲದ ಎಂಜಿನ್ನು ಆಕಾಶದಲ್ಲಿ ಸಿಡಿಯಿತು. ಚೂರುಗಳು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳನ್ನು ಕತ್ತರಿಸಿದವು. ಕ್ಯಾಪ್ಟನ್ ಅಲ್ ಹೇನ್ಸ್ ಮತ್ತು ಸಂಗಡಿಗರು, ಪ್ರಯಾಣಿಕರಾಗಿ ಕುಳಿತಿದ್ದ ತರಬೇತಿ ಪೈಲಟ್ ಡೆನಿಸ್ ಫಿಚ್ ಅವರ ಸಹಾಯ ಪಡೆದು, ಉಳಿದ ಎರಡು ಎಂಜಿನ್ನುಗಳ ವೇಗವನ್ನಷ್ಟೇ ಏರಿಸಿ ಇಳಿಸಿ ವಿಮಾನವನ್ನು ಸೂ ಸಿಟಿಯ ರನ್‌ವೇ ತನಕ ತಂದರು. 112 ಜನ ತೀರಿಕೊಂಡರು, 184 ಜನ ಬದುಕಿದರು. ಎರಡು ದುರಂತಗಳೂ ಒಂದೇ ಮಾತು ಹೇಳಿದವು. ಹಲವು ವ್ಯವಸ್ಥೆಗಳಿದ್ದರೆ ಸಾಲದು. ಎಲ್ಲವೂ ಒಂದೇ ಬಗೆಯವಾದರೆ, ಎಲ್ಲದರ ಕೊಳವೆಯೂ ಒಂದೇ ಜಾಗದಲ್ಲಿ ಹಾದುಹೋದರೆ, ಒಂದೇ ಏಟಿಗೆ ಎಲ್ಲವೂ ಹೋಗುತ್ತವೆ.

ಮುಂದಿನ ಪೀಳಿಗೆಯ ವಿಮಾನಗಳು ಈ ಪಾಠವನ್ನು ಮೈಗೂಡಿಸಿಕೊಂಡವು. 2005ರ ಏಪ್ರಿಲ್ 27ರಂದು ಮೊದಲು ಹಾರಿದ ಏರ್‌ಬಸ್ ಎ380ರಲ್ಲಿ ಮೂರನೆಯ ಹೈಡ್ರಾಲಿಕ್ ವ್ಯವಸ್ಥೆಯನ್ನೇ ಬಿಟ್ಟು, ಎರಡು ಹೈಡ್ರಾಲಿಕ್ ಮತ್ತು ಎರಡು ವಿದ್ಯುತ್ ವ್ಯವಸ್ಥೆಗಳನ್ನು ಇಟ್ಟರು. ಅಲ್ಲಿನ ವಿದ್ಯುತ್ ಆಕ್ಚುಯೇಟರುಗಳು ತಮ್ಮೊಳಗೇ ಪುಟ್ಟ ಪಂಪನ್ನೂ ಸ್ವಲ್ಪ ಎಣ್ಣೆಯನ್ನೂ ಇಟ್ಟುಕೊಂಡ ಬಗೆಯವು. ಎಫ್-35 ಯುದ್ಧವಿಮಾನದ್ದೂ ಅದೇ ದಾರಿ. ಎ380ರಲ್ಲಿ ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸುವ ಥ್ರಸ್ಟ್ ರಿವರ್ಸರ್ ಮಾತ್ರ ವಿದ್ಯುತ್ತಿನಿಂದಲೇ ಆಡುತ್ತದೆ. 2009ರ ಡಿಸೆಂಬರಿನಲ್ಲಿ ಮೊದಲು ಹಾರಿದ ಬೋಯಿಂಗ್ 787 ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರ ಬ್ರೇಕುಗಳಲ್ಲಿ ಎಣ್ಣೆಯೇ ಇಲ್ಲ. ಒಂದೊಂದು ಮುಖ್ಯ ಚಕ್ರಕ್ಕೂ ನಾಲ್ಕು ಪುಟ್ಟ ವಿದ್ಯುತ್ ಆಕ್ಚುಯೇಟರುಗಳು ಕಾರ್ಬನ್ ಬಿಲ್ಲೆಗಳನ್ನು ಒತ್ತುತ್ತವೆ. ರೆಕ್ಕೆಯ ಮೇಲಿನ ಸ್ಪಾಯ್ಲರುಗಳಲ್ಲಿ ಕೆಲವು, ಬಾಲದ ಅಡ್ಡರೆಕ್ಕೆಯನ್ನು ವಾಲಿಸುವ ತಿರುಪು, ಎಲ್ಲವೂ ಮೋಟಾರಿನಿಂದ ಆಡುತ್ತವೆ. ಈಗ ಎದ್ದುಬರುತ್ತಿರುವ ವಿದ್ಯುತ್ ಏರ್ ಟ್ಯಾಕ್ಸಿಗಳಲ್ಲಿ, ಹೆಚ್ಚಿನ ಡ್ರೋನುಗಳಲ್ಲಿ ಹೈಡ್ರಾಲಿಕ್‌ಗೆ ಜಾಗವೇ ಇಲ್ಲ. ಏರ್ ಟ್ಯಾಕ್ಸಿಯ ಭರವಸೆ ನಂಬಿ ಹೊರಟ ಕೆಲವು ಯುರೋಪಿನ ಕಂಪನಿಗಳು 2024ರಲ್ಲಿ ದಿವಾಳಿಯಾದವು, ಅದನ್ನೂ ತಿಳಿದಿರಿ. ವಿಮಾನದ ಮಾದರಿ ಬರುತ್ತದೆ, ಹೋಗುತ್ತದೆ. ಆಕ್ಚುಯೇಟರಿನ ವಿದ್ಯೆ ಕಲಿತವರ ಕೈ ಖಾಲಿ ಉಳಿಯುವುದಿಲ್ಲ.

ಹಾಗಾದರೆ ಎಲ್ಲ ವಿಮಾನಗಳಲ್ಲೂ ಎಲ್ಲ ಹಲಗೆಗಳಿಗೂ ಇದನ್ನೇ ಏಕೆ ಹಾಕಿಲ್ಲ? ಇದಕ್ಕೆ ಉತ್ತರ ನಿಮ್ಮ ಮೆಷಿನ್ ಡಿಸೈನ್ ಪುಸ್ತಕದಲ್ಲಿದೆ. ತಿರುಪು ಸಿಕ್ಕಿಹಾಕಿಕೊಳ್ಳಬಹುದು. ಹೈಡ್ರಾಲಿಕ್ ಸಿಲಿಂಡರು ಕೆಟ್ಟರೆ ಎಣ್ಣೆಗೆ ಬೇರೆ ದಾರಿ ಬಿಟ್ಟು ಪಿಸ್ಟನ್ನನ್ನು ಸಡಿಲಗೊಳಿಸಬಹುದು, ಪಕ್ಕದ ಇನ್ನೊಂದು ಸಿಲಿಂಡರು ಹಲಗೆಯನ್ನು ಆಡಿಸುತ್ತದೆ. ಬಾಲ್ ಸ್ಕ್ರೂ ತಿರುಪಿನೊಳಗೆ ಉರುಳುವ ಗುಂಡುಗಳಲ್ಲಿ ಒಂದು ಒಡೆದು ಸಿಕ್ಕಿಕೊಂಡರೆ ಹಲಗೆ ಇದ್ದಲ್ಲೇ ಬಿಗಿಯುತ್ತದೆ, ಪಕ್ಕದ ಆಕ್ಚುಯೇಟರೂ ಅದನ್ನು ಅಲುಗಿಸಲಾರದು. ಪ್ರಯಾಣಿಕರ ವಿಮಾನದಲ್ಲಿ ಅನಾಹುತ ತರುವ ವೈಫಲ್ಯದ ಸಾಧ್ಯತೆ ನೂರು ಕೋಟಿ ಹಾರಾಟದ ಗಂಟೆಗಳಿಗೆ ಒಂದಕ್ಕಿಂತ ಕಡಿಮೆ ಇರಬೇಕು ಎಂಬುದು ಅಳತೆಗೋಲು. ಆ ಅಳತೆಗೋಲಿನ ಮುಂದೆ ದೊಡ್ಡ ವಿಮಾನಗಳ ಮುಖ್ಯ ಹಲಗೆಗಳ ವಿಷಯದಲ್ಲಿ ಈ ಯಂತ್ರ ಇನ್ನೂ ಪೂರ್ತಿ ಗೆದ್ದಿಲ್ಲ.

ತಿರುಪನ್ನು ಹಗುರವಾಗಿ ಕಂಡರೆ ಏನಾಗುತ್ತದೆ ಎಂಬುದಕ್ಕೆ 31 ಜನವರಿ 2000 ಸಾಕ್ಷಿ. ಮೆಕ್ಸಿಕೊದಿಂದ ಅಮೆರಿಕಕ್ಕೆ ಹೊರಟಿದ್ದ ಅಲಾಸ್ಕಾ ಏರ್‌ಲೈನ್ಸ್ 261, ಎಂಡಿ-83 ಮಾದರಿಯ ವಿಮಾನ. ಅದರ ಬಾಲದ ಅಡ್ಡರೆಕ್ಕೆಯನ್ನು ವಾಲಿಸುತ್ತಿದ್ದದ್ದು ವಿದ್ಯುತ್ ಮೋಟಾರಿನಿಂದ ತಿರುಗುವ ಉದ್ದನೆಯ ಉಕ್ಕಿನ ತಿರುಪು ಮತ್ತು ಅದರ ಸುತ್ತ ಮೆದು ಲೋಹದ ನಟ್ಟು. ಗ್ರೀಸ್ ಹಾಕುವ ಅವಧಿಯನ್ನು ವರ್ಷಗಳಿಂದ ದೂರ ದೂರಕ್ಕೆ ತಳ್ಳುತ್ತ ಬಂದಿದ್ದರು. ಗ್ರೀಸಿಲ್ಲದ ನಟ್ಟಿನ ಎಳೆಗಳು ಸವೆದು ಸವೆದು ಕೊನೆಗೆ ಕಿತ್ತುಬಂದವು. ಕ್ಯಾಲಿಫೋರ್ನಿಯದ ಕರಾವಳಿಯಲ್ಲಿ ವಿಮಾನ ಸಮುದ್ರಕ್ಕೆ ಬಿತ್ತು, ಒಳಗಿದ್ದ 88 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಸಮುದ್ರದ ತಳದಿಂದ ತೆಗೆದ ತಿರುಪಿಗೆ ನಟ್ಟಿನ ಹರಿದ ಎಳೆಗಳು ಸುತ್ತಿಕೊಂಡಿದ್ದವು. ತಿರುಪು ಕೆಲಸ ಮಾಡುವ ಭಾಗದಲ್ಲಿ ಗ್ರೀಸಿನ ಪಸೆ ಕಾಣಲಿಲ್ಲ. ಗ್ರೀಸ್ ಹಚ್ಚುವುದು ಕೀಳು ಕೆಲಸ ಎಂದು ಯಾರಾದರೂ ನಿಮ್ಮೆದುರು ಹೇಳಿದರೆ ಈ ತಾರೀಖು ಹೇಳಿ.

ಗೆಳೆಯರೇ, ನಾನು ಇದನ್ನು ಹೆದರಿಸಲು ಬರೆಯುತ್ತಿಲ್ಲ. ಬಗೆಹರಿಯದ ಸಮಸ್ಯೆ ಇರುವಲ್ಲಿ ಹೊಸಬರಿಗೆ ಬಾಗಿಲು ತೆರೆದಿರುತ್ತದೆ ಎಂದು ಹೇಳಲು ಬರೆಯುತ್ತಿದ್ದೇನೆ. ತಿರುಪು ಸಿಕ್ಕಿಕೊಳ್ಳುವ ಮುನ್ನವೇ ಮೋಟಾರಿನ ಕರೆಂಟಿನ ಏರಿಳಿತದಿಂದ ಅದರ ಸೂಚನೆ ಹಿಡಿಯಬಹುದೇ? ಸಿಕ್ಕಿಕೊಂಡರೂ ಕಳಚಿಕೊಂಡು ದಾರಿ ಬಿಡುವ ರಚನೆಯನ್ನು ತೂಕ ಹೆಚ್ಚದಂತೆ ಮಾಡುವುದು ಹೇಗೆ? ಬಿಸಿಯದು ಇನ್ನೊಂದು ಪ್ರಶ್ನೆ. ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಹರಿಯುವ ಎಣ್ಣೆಯೇ ಬಿಸಿಯನ್ನು ಹೊತ್ತೊಯ್ಯುತ್ತದೆ, ವಿದ್ಯುತ್ ಆಕ್ಚುಯೇಟರು ತೆಳು ರೆಕ್ಕೆಯೊಳಗಿನ ಇಕ್ಕಟ್ಟಿನಲ್ಲಿ ತನ್ನ ಬಿಸಿಯನ್ನು ತಾನೇ ಕಳೆದುಕೊಳ್ಳಬೇಕು. ವೋಲ್ಟೇಜು ಹೆಚ್ಚಿಸಿದರೆ ತಂತಿ ಹಗುರವಾಗುತ್ತದೆ, ಆದರೆ ಎತ್ತರದ ತೆಳುಗಾಳಿಯಲ್ಲಿ ಕಿಡಿ ಹಾರುವ ಭಯ ಹೆಚ್ಚುತ್ತದೆ. ಇನ್ನು ಆಯಸ್ಕಾಂತ. ಬಿಸಿ ತಾಳುವ ಮೋಟಾರಿಗೆ ಸಮೇರಿಯಂ, ಡಿಸ್ಪ್ರೋಸಿಯಂ, ಟರ್ಬಿಯಂನಂಥ ವಿರಳ ಲೋಹಗಳು ಬೇಕು. 2025ರ ಏಪ್ರಿಲ್‌ನಲ್ಲಿ ಚೀನಾ ಇವುಗಳ ರಫ್ತಿಗೆ ನಿಯಂತ್ರಣ ಹೇರಿದಾಗ ಜಗತ್ತಿನ ಮೋಟಾರು ತಯಾರಕರೆಲ್ಲ ಕಂಗಾಲಾದರು. ಸಮೇರಿಯಂ-ಕೋಬಾಲ್ಟ್ ಆಯಸ್ಕಾಂತ ಮಾಡುವ ನಮ್ಮ ಸರ್ಕಾರಿ ಕಂಪನಿ ಐಆರ್‌ಇಎಲ್‌ನ ಘಟಕ ವಿಶಾಖಪಟ್ಟಣದಲ್ಲಿ 2023ರ ಮೇ ತಿಂಗಳಲ್ಲಿ ರಾಷ್ಟ್ರಕ್ಕೆ ಅರ್ಪಣೆಯಾಗಿದೆ. ಅದು ಮೊದಲ ಹೆಜ್ಜೆ ಅಷ್ಟೇ. ಲೋಹಶಾಸ್ತ್ರ ಓದುತ್ತಿರುವವರೇ, ಇಲ್ಲಿ ನಿಮ್ಮ ಜೀವಮಾನಕ್ಕಾಗುವಷ್ಟು ಕೆಲಸ ಇದೆ.

ಈಗ ಮಾರುಕಟ್ಟೆಯ ಮಾತು. ಈ ಯಂತ್ರಗಳನ್ನು ಮಾಡುವವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಜನ. ಅಮೆರಿಕ ಮೂಲದ ಮೂಗ್, ಪಾರ್ಕರ್ ಹ್ಯಾನಿಫಿನ್, ಹನಿವೆಲ್, ವುಡ್‌ವರ್ಡ್, ಈಟನ್, ಕರ್ಟಿಸ್-ರೈಟ್, ಫ್ರಾನ್ಸಿನ ಸಾಫ್ರಾನ್, ಜರ್ಮನಿಯ ಲೀಬೆರ್, ಜಪಾನಿನ ನಬ್ಟೆಸ್ಕೊ. ದೊಡ್ಡ ಹೆಸರುಗಳು, ನಿಜ. ಆದರೆ ಯಾವುದೂ ಹುಟ್ಟುವಾಗ ದೊಡ್ಡದಾಗಿರಲಿಲ್ಲ. 1951ರಲ್ಲಿ ವಿಲಿಯಂ ಮೂಗ್ ಎಂಬ ಎಂಜಿನಿಯರ್, ಸಹೋದರ ಆರ್ಥರ್ ಮತ್ತು ಗೆಳೆಯ ಲೂ ಗೇಯರ್ ಜತೆ ನ್ಯೂಯಾರ್ಕ್ ರಾಜ್ಯದ ಈಸ್ಟ್ ಅರೋರಾ ಎಂಬ ಚಿಕ್ಕ ಊರಿನ ಪಾಳು ಬಿದ್ದ ವಿಮಾನ ನಿಲ್ದಾಣದ ಮೂಲೆಯಲ್ಲಿ ಕೆಲಸ ಶುರುಮಾಡಿದರು. ಅವರ ಬಳಿ ಇದ್ದದ್ದು ಒಂದೇ ಒಂದು ವಸ್ತು, ಸಣ್ಣ ವಿದ್ಯುತ್ ಸಂಕೇತಕ್ಕೆ ಎಣ್ಣೆಯ ದೊಡ್ಡ ಒತ್ತಡವನ್ನು ಅಂಕೆಯಲ್ಲಿಡುವ ಸರ್ವೊ ವಾಲ್ವ್. ಆ ಕಂಪನಿಯ ವಹಿವಾಟು ಈಗ ವರ್ಷಕ್ಕೆ 350 ಕೋಟಿ ಡಾಲರ್ ದಾಟಿದೆ. ಅದರ ಕೇಂದ್ರ ಕಚೇರಿ ಇಂದಿಗೂ ಅದೇ ಈಸ್ಟ್ ಅರೋರಾ.

ಆರ್ಥರ್ ಪಾರ್ಕರ್ 1917ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಲಾರಿಗಳ ಬ್ರೇಕ್ ವ್ಯವಸ್ಥೆ ಮಾಡಲು ಅಂಗಡಿ ತೆರೆದರು. ಎರಡು ವರ್ಷ ಆಗುವಷ್ಟರಲ್ಲಿ, ಇದ್ದ ಸರಕನ್ನೆಲ್ಲ ಹೊತ್ತ ಅವರ ಟ್ರಕ್ಕು ಇಳಿಜಾರಿನಲ್ಲಿ ಜಾರಿ ಪ್ರಪಾತಕ್ಕೆ ಬಿತ್ತು, ಕಂಪನಿ ಮುಳುಗಿತು. ಅವರು ಮತ್ತೆ ನೌಕರಿ ಮಾಡಿ, ಹಣ ಕೂಡಿಸಿ 1924ರಲ್ಲಿ ಮತ್ತೆ ಶುರುಮಾಡಿದರು. 1927ರಲ್ಲಿ ಅಟ್ಲಾಂಟಿಕ್ ದಾಟಿದ ಲಿಂಡ್‌ಬರ್ಗ್ ವಿಮಾನದಲ್ಲಿ ಅವರ ಕೊಳವೆ ಜೋಡಣೆಗಳಿದ್ದವು. ಲೀಬೆರ್ ಶುರುವಾದದ್ದು 1949ರಲ್ಲಿ, ಯುದ್ಧದಿಂದ ಕುಸಿದ ಜರ್ಮನಿಯಲ್ಲಿ ಮನೆ ಕಟ್ಟಲು ಬೇಕಾದ ಕ್ರೇನ್ ಮಾಡುತ್ತ. ನನಗೆ ಇವರೆಲ್ಲರಿಗಿಂತ ಹೆಚ್ಚು ಇಷ್ಟವಾಗುವುದು ಇಟಲಿಯ ಫೊಲಿನ್ಯೊ ಎಂಬ ಊರಿನ ಉಂಬ್ರಾ ಕಂಪನಿ. ರೋಮ್ ಅಲ್ಲ, ಮಿಲಾನ್ ಅಲ್ಲ, ಬೆಟ್ಟಗಳ ನಡುವಿನ ಸಾಧಾರಣ ಊರು. ಅವರು ಹಿಡಿದದ್ದು ಬಾಲ್ ಸ್ಕ್ರೂ ಮತ್ತು ಬೇರಿಂಗು, ಹಿಡಿದದ್ದನ್ನು ಬಿಡಲಿಲ್ಲ. ಬೋಯಿಂಗ್ ವಿಮಾನಗಳ ಫ್ಲಾಪುಗಳನ್ನು ಆಡಿಸುವ ತಿರುಪುಗಳು ಆ ಊರಿನಿಂದ ಹೋಗುತ್ತವೆ. ಇಡೀ ವಿಮಾನ ಮಾಡುವ ಕನಸು ಕಾಣುವವರು ಬಹಳ. ಒಂದು ತಿರುಪನ್ನು ಜಗತ್ತಿನಲ್ಲೇ ಚೆನ್ನಾಗಿ ಮಾಡುತ್ತೇನೆ ಎಂದು ಹಟ ಹಿಡಿಯುವವರು ನಮ್ಮಲ್ಲಿ ಸಾಲದು.

ಈ ವ್ಯಾಪಾರದ ಗುಟ್ಟು ಗೊತ್ತಿರಲಿ. ವಿಮಾನದ ವಿನ್ಯಾಸ ನಡೆಯುವಾಗ ಯಾರ ಆಕ್ಚುಯೇಟರ್ ಒಳಗೆ ಸೇರುತ್ತದೋ, ಆ ಮಾದರಿ ಹಾರುವಷ್ಟು ಕಾಲವೂ ಬಿಡಿಭಾಗ, ರಿಪೇರಿ ಎಲ್ಲ ಅವರದೇ. ಮೂವತ್ತು, ನಲವತ್ತು ವರ್ಷದ ಸಂಬಂಧ ಅದು. ನಡುವೆ ಇನ್ನೊಬ್ಬರು ಕಡಿಮೆ ಬೆಲೆ ಹೇಳಿದರೂ ಸುಲಭಕ್ಕೆ ಒಳಬರಲಾರರು, ಏಕೆಂದರೆ ಪ್ರಮಾಣೀಕರಣವನ್ನು ಮೊದಲಿನಿಂದ ಮಾಡಬೇಕು. ಇದರ ಬೆಲೆ ಎಷ್ಟೆಂದು ತಿಳಿಯಲು ಒಂದು ವ್ಯವಹಾರ ನೋಡಿದರೆ ಸಾಕು. ಕಾಲಿನ್ಸ್ ಏರೋಸ್ಪೇಸ್‌ನ ಆಕ್ಚುಯೇಟರ್ ವಿಭಾಗವನ್ನು 180 ಕೋಟಿ ಡಾಲರಿಗೆ ಕೊಳ್ಳುವುದಾಗಿ ಸಾಫ್ರಾನ್ 2023ರಲ್ಲಿ ಪ್ರಕಟಿಸಿತು. ಅದರಲ್ಲಿ ಇಟಲಿಯ ಮೈಕ್ರೊಟೆಕ್ನಿಕಾ ಎಂಬ ಘಟಕವೂ ಸೇರಿತ್ತು. ಇಟಲಿಯ ಸರ್ಕಾರ ದೇಶದ ಭದ್ರತೆಯ ಕಾರಣ ಕೊಟ್ಟು ಆ ಮಾರಾಟವನ್ನು ತಡೆಯಿತು, ಮರುವರ್ಷವಷ್ಟೇ ಒಪ್ಪಿತು. ಇಡೀ ವ್ಯವಹಾರ ಮುಗಿದದ್ದು 2025ರ ಜುಲೈನಲ್ಲಿ. ಸ್ಪರ್ಧೆ ಉಳಿಯಲಿ ಎಂದು ಸಾಫ್ರಾನ್ ಉತ್ತರ ಅಮೆರಿಕದ ತನ್ನ ವಿದ್ಯುತ್ ಆಕ್ಚುಯೇಟರ್ ವ್ಯವಹಾರವನ್ನು ವುಡ್‌ವರ್ಡ್‌ಗೆ ಬಿಟ್ಟುಕೊಡಬೇಕಾಯಿತು. ಏರ್‌ಬಸ್ ಎ350ರ ಬಾಲದ ತಿರುಪಿನ ವ್ಯವಸ್ಥೆ ಹೀಗೆ ಕೈ ಬದಲಾಯಿಸಿತು. ಒಂದು ದೇಶದ ಸರ್ಕಾರ ಆಕ್ಚುಯೇಟರ್ ಕಾರ್ಖಾನೆಯನ್ನು ಕೋಟೆಯಂತೆ ಕಾಯುತ್ತದೆ ಎಂದರೆ, ಅದನ್ನು ಮಾಡಬಲ್ಲ ಕೈಗಳ ಬೆಲೆ ಎಷ್ಟಿರಬೇಕು?

ಆ ಬೆಲೆ ನಮಗೂ ಗೊತ್ತಾಗಿದೆ, ಕಷ್ಟದಿಂದ ಗೊತ್ತಾಗಿದೆ. ನಮ್ಮದೇ ಯುದ್ಧವಿಮಾನ ತೇಜಸ್‌ನ ರಚನೆಯೇ ಅಸ್ಥಿರ. ಕಂಪ್ಯೂಟರು ಕ್ಷಣಕ್ಷಣಕ್ಕೂ ಹಲಗೆಗಳನ್ನು ತಿದ್ದುತ್ತಿದ್ದರೆ ಮಾತ್ರ ಅದು ಹಾರುತ್ತದೆ. ಅಂದರೆ ಅದರ ಜೀವ ಆಕ್ಚುಯೇಟರಿನಲ್ಲಿ, ಅದನ್ನಾಳುವ ನಿಯಂತ್ರಣ ಸೂತ್ರಗಳಲ್ಲಿ ಇದೆ. ಅದರ ಮುಖ್ಯ ಆಕ್ಚುಯೇಟರುಗಳು ಮೂಗ್ ಕಂಪನಿಯವು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಅಣುಪರೀಕ್ಷೆ ನಡೆಯಿತು, ಅಮೆರಿಕ ನಿರ್ಬಂಧ ಹೇರಿತು. ಹಾರಾಟ ನಿಯಂತ್ರಣದ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದ ನಮ್ಮ ಎಂಜಿನಿಯರುಗಳನ್ನು ವಾಪಸು ಕಳಿಸಿದರು, ಅವರ ಉಪಕರಣಗಳನ್ನು ಅಲ್ಲೇ ಇರಿಸಿಕೊಂಡರು. ಉಳಿದ ಕೆಲಸ ಮುಗಿದದ್ದು ಬೆಂಗಳೂರಿನಲ್ಲಿ, ಎಡಿಎ, ಎನ್‌ಎಎಲ್, ಎಡಿಇ, ಎಚ್‌ಎಎಲ್ ಎಂಬ ಸರ್ಕಾರಿ ವೈಮಾನಿಕ ಸಂಸ್ಥೆಗಳ ಜನ ಸೇರಿ. ನಿಯಂತ್ರಣ ಸೂತ್ರ ಎನ್‌ಎಎಲ್ ತಂಡದ್ದು, ಕಂಪ್ಯೂಟರು ಎಡಿಇಯದು. 4 ಜನವರಿ 2001ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಎಚ್‌ಎಎಲ್ ವಿಮಾನ ನಿಲ್ದಾಣದಿಂದ ತೇಜಸ್ಸನ್ನು ಮೇಲೇರಿಸಿ 18 ನಿಮಿಷ ಹಾರಿಸಿ ಇಳಿಸಿದರು. ಕೊಡುವುದಿಲ್ಲ ಎಂದವರ ಎದುರು ನಾವೇ ಕಲಿತ ವಿದ್ಯೆ ಅದು.

ಸೂತ್ರ ನಮ್ಮದಾಯಿತು. ಯಂತ್ರ ನಮ್ಮದಾಗಲು ಇನ್ನೆರಡು ದಶಕ ಹಿಡಿಯಿತು, ಅದೂ ಭಾಗಶಃ. 2024ರ ಏಪ್ರಿಲ್‌ನಲ್ಲಿ ತೇಜಸ್ ಮಾರ್ಕ್ 1ಎಗಾಗಿ ರೆಕ್ಕೆಯ ಮುಂದಂಚಿನ ಸ್ಲ್ಯಾಟ್ ಆಕ್ಚುಯೇಟರುಗಳೂ ಏರ್‌ಬ್ರೇಕ್ ನಿಯಂತ್ರಣ ಘಟಕವೂ ದೇಶದಲ್ಲೇ ತಯಾರಾಗಿ ಎಚ್‌ಎಎಲ್ ಕೈ ಸೇರಿದವು. ಎಡಿಎ ಜತೆ ಹೈದರಾಬಾದಿನ ಆರ್‌ಸಿಐ ಪ್ರಯೋಗಾಲಯ, ನಮ್ಮ ಬೆಂಗಳೂರಿನ ತುಮಕೂರು ರಸ್ತೆಯ ಸಿಎಂಟಿಐ ಸಂಸ್ಥೆ ಸೇರಿ ಮಾಡಿದ ಕೆಲಸ ಅದು. ಇವು ಹೈಡ್ರಾಲಿಕ್ ಬಗೆಯವೇ, ಆದರೂ ಮೈಕ್ರಾನುಗಳ ನಿಖರತೆಯ ಸರ್ವೊ ವಾಲ್ವ್ ಇಲ್ಲಿಯೇ ಆಗುತ್ತದೆ ಎಂಬುದು ಸಣ್ಣ ಸುದ್ದಿಯಲ್ಲ. ಪತ್ರಿಕೆಗಳ ಮೂಲೆಯಲ್ಲಿ ನಾಲ್ಕು ಸಾಲಿನಲ್ಲಿ ಮುಗಿದುಹೋದ ಆ ಸುದ್ದಿ ನನ್ನ ಮಟ್ಟಿಗೆ ಮುಖಪುಟದ್ದು. ವಿದ್ಯುತ್ ಆಕ್ಚುಯೇಟರಿನಲ್ಲಿ ನಮ್ಮ ಕೈ ಈಗಾಗಲೇ ಪಳಗಿರುವುದು ರಾಕೆಟ್ಟಿನಲ್ಲಿ. ಇಸ್ರೊ ರಾಕೆಟ್‌ಗಳ ಹಲವು ಹಂತಗಳಲ್ಲಿ ಎಂಜಿನ್ನನ್ನೋ ನಳಿಕೆಯನ್ನೋ ಆಚೀಚೆ ವಾಲಿಸಿ ದಿಕ್ಕು ತಿದ್ದುವುದು ಇಲ್ಲಿಯೇ ವಿನ್ಯಾಸಗೊಂಡ ವಿದ್ಯುತ್ ಆಕ್ಚುಯೇಟರುಗಳು. ರಾಕೆಟ್ಟಿನದು ಕೆಲವೇ ನಿಮಿಷಗಳ ದುಡಿಮೆ, ಪ್ರಯಾಣಿಕರ ವಿಮಾನದ್ದು ದಶಕಗಳದು. ಆ ಅಂತರವನ್ನು ದಾಟುವ ಕೆಲಸ ನಿಮ್ಮ ಪೀಳಿಗೆಯ ಪಾಲಿಗೆ ಬಂದಿದೆ.

ಅದಕ್ಕೆ ಬೇಕಾದದ್ದು ನಮ್ಮ ಸುತ್ತಲೇ ಇದೆ. 1940ರಲ್ಲಿ ಎಚ್‌ಎಎಲ್, 1941ರಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತು, 1942ರಲ್ಲಿ ಐಐಎಸ್‌ಸಿಯ ವೈಮಾನಿಕ ವಿಭಾಗ, 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಮೋಟಾರು, 1953ರಲ್ಲಿ ಎಚ್‌ಎಂಟಿ. ಯಂತ್ರ ಮಾಡುವ ಯಂತ್ರವನ್ನೇ ಮಾಡಿದ ನೆಲ ಇದು. ಬೆಂಗಳೂರಿನ ಡೈನಮ್ಯಾಟಿಕ್‌ನಲ್ಲಿ ಏರ್‌ಬಸ್ ಎ320ರ ಫ್ಲಾಪ್ ಚಲಿಸುವ ತೊಲೆಗಳು ತಯಾರಾಗುತ್ತವೆ, ಬೆಳಗಾವಿ ಹತ್ತಿರದ ಹತ್ತರಗಿಯಲ್ಲಿ ಏಕಸ್ ವಿಮಾನದ ಬಿಡಿಭಾಗಗಳನ್ನು ಕಡೆಯುತ್ತದೆ. ಮೂಗ್, ಹನಿವೆಲ್, ಕಾಲಿನ್ಸ್, ಸಾಫ್ರಾನ್ ಎಲ್ಲರಿಗೂ ಬೆಂಗಳೂರಿನಲ್ಲಿ ನೆಲೆ ಇದೆ. ದೇವನಹಳ್ಳಿಯಲ್ಲಿ 43 ಎಕರೆಯ ಬೋಯಿಂಗ್ ಕೇಂದ್ರ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಗ್ರಾಹಕರೂ ಮನೆಯಲ್ಲೇ ಇದ್ದಾರೆ. 2023 ಒಂದೇ ವರ್ಷದಲ್ಲಿ ಇಂಡಿಗೊ 500, ಏರ್ ಇಂಡಿಯಾ 470 ವಿಮಾನಗಳಿಗೆ ಆರ್ಡರ್ ಕೊಟ್ಟವು. ಆ ಒಂದೊಂದು ವಿಮಾನದಲ್ಲೂ ಹತ್ತಾರು ಆಕ್ಚುಯೇಟರುಗಳು, ಬಿಡಿಭಾಗ, ರಿಪೇರಿ. ಕೊರತೆ ಇರುವುದು ಒಂದೇ ಕಡೆ. ಬೇರೆಯವರು ಕೊಟ್ಟ ಡ್ರಾಯಿಂಗಿನ ಪ್ರಕಾರ ಕಡೆದುಕೊಡುವುದರಲ್ಲಿ ನಾವು ನುರಿತಿದ್ದೇವೆ. ಡ್ರಾಯಿಂಗಿನ ಕೆಳಗೆ ನಮ್ಮ ಸಹಿ ಇರುವ, ಪ್ರಮಾಣಪತ್ರ ನಮ್ಮ ಹೆಸರಿನಲ್ಲಿರುವ ಆಕ್ಚುಯೇಟರ್ ಇನ್ನೂ ಪ್ರಯಾಣಿಕರ ದೊಡ್ಡ ವಿಮಾನ ಏರಿಲ್ಲ.

ಆದ್ದರಿಂದ ನೇರವಾಗಿ ಕೇಳುತ್ತೇನೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಲ್ಲಿ ಕೊಳ್ಳಬೇಡಿ. ರೆಡಿಮೇಡ್ ಪ್ರಾಜೆಕ್ಟು, ರೆಡಿಮೇಡ್ ರಿಪೋರ್ಟು ಕೊಟ್ಟು ಪಾಸಾಗುವ ಪದ್ಧತಿ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೆ ಹತ್ತಿದ ರೋಗ. ಅದರ ಬದಲು ನಾಲ್ವರು ಸೇರಿ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಂದು ಬ್ರಷ್‌ಲೆಸ್ ಮೋಟಾರು, ಒಂದು ಮೈಕ್ರೊಕಂಟ್ರೋಲರು ತನ್ನಿ. ಹಳೆಯ ಸಿಎನ್‌ಸಿ ಯಂತ್ರದಿಂದ ಕಳಚಿದ ಬಾಲ್ ಸ್ಕ್ರೂ ಹುಡುಕಿ. ಅದಕ್ಕೆ ಭಾರ ತೂಗುಹಾಕಿ, ಹೇಳಿದ ಜಾಗಕ್ಕೆ ಬಂದು ನಿಲ್ಲುವಂತೆ ಮಾಡಿ. ನಿಂತಿತೆಂದು ಅಲ್ಲಿಗೆ ನಿಲ್ಲಿಸಬೇಡಿ. ಹಗಲೂ ರಾತ್ರಿ ಓಡಿಸಿ, ಕರೆಂಟು ಬರೆದಿಡಿ, ಬಿಸಿ ಬರೆದಿಡಿ. ಗ್ರೀಸ್ ಒರೆಸಿ ಮತ್ತೆ ಓಡಿಸಿ, ಕರೆಂಟಿನ ಗೆರೆ ಹೇಗೆ ಬದಲಾಗುತ್ತದೆ ನೋಡಿ. ಮರಳಿನ ಕಣ ಹಾಕಿ ನೋಡಿ. ಕೊನೆಗೆ ಅದು ಕೆಡುತ್ತದೆ. ಕೆಟ್ಟದ್ದನ್ನು ಬಿಚ್ಚಿ, ಎಲ್ಲಿ ಸವೆಯಿತು, ಏಕೆ ಸವೆಯಿತು ಎಂದು ಬರೆಯಿರಿ. ಆ ಪುಸ್ತಕ ಹಿಡಿದು ಸಂದರ್ಶನಕ್ಕೆ ಹೋಗಿ. ಕೆಲಸ ಬಲ್ಲ ಯಾವ ಎಂಜಿನಿಯರೂ ನಿಮ್ಮ ಅಂಕಪಟ್ಟಿಯನ್ನು ಅದಕ್ಕಿಂತ ಮೊದಲು ನೋಡುವುದಿಲ್ಲ.

ಐಟಿಐ, ಡಿಪ್ಲೊಮಾ ಗೆಳೆಯರೇ, ಜಿಟಿಟಿಸಿಯಂಥ ಸಂಸ್ಥೆಗಳಲ್ಲಿ ಕಲಿಯುವವರೇ, ನಿಮ್ಮ ಪಾಲು ಇದಕ್ಕಿಂತ ಕಿರಿದಲ್ಲ. ತಿರುಪಿನ ಎಳೆಯನ್ನು ಮೈಕ್ರಾನ್ ಲೆಕ್ಕದಲ್ಲಿ ಗ್ರೈಂಡ್ ಮಾಡುವುದು, ಉಕ್ಕಿಗೆ ಸರಿಯಾದ ಹದದ ಶಾಖ ಕೊಡುವುದು, ಸ್ಟೇಟರಿಗೆ ತಂತಿ ಸುತ್ತುವುದು, ಅಳೆಯುವುದು, ಅಳೆದದ್ದನ್ನು ಸುಳ್ಳಿಲ್ಲದೆ ಬರೆಯುವುದು ನಿಮ್ಮ ಕೈಯ ಕೆಲಸ. ಡ್ರಾಯಿಂಗಿನಲ್ಲಿ ಎಷ್ಟೇ ಸೊಗಸಿದ್ದರೂ ನಿಮ್ಮ ಕೈ ದಾಟದೆ ಅದು ಹಾರಲಾರದು. ಕಂಪ್ಯೂಟರ್ ಸೈನ್ಸ್ ಸಿಕ್ಕಿದವರನ್ನೂ ನಾನು ಬಿಡುವುದಿಲ್ಲ. ವಿಮಾನದ ಸಾಫ್ಟ್‌ವೇರಿಗೆ ಡಿಒ-178ಸಿ ಎಂಬ ನಿಯಮಾವಳಿ ಇದೆ. ಬರೆದ ಒಂದೊಂದು ಸಾಲೂ ಏಕಿದೆ, ಅದನ್ನು ಯಾರು ಪರೀಕ್ಷಿಸಿದರು ಎಂದು ತೋರಿಸಬೇಕು. ಅಂಥ ಶಿಸ್ತಿನಲ್ಲಿ ಬರೆಯಬಲ್ಲವರು ಎಲ್ಲೆಡೆ ವಿರಳ. ಹುಡುಗಿಯರಿಗೆ ವರ್ಕ್‌ಶಾಪು ಹೊಂದುವುದಿಲ್ಲ ಎಂದು ಹೇಳುವ ಮೇಷ್ಟ್ರು, ಬಂಧುಗಳು ಇನ್ನೂ ಇದ್ದಾರೆ. ಅವರ ಮಾತನ್ನು ಕೇಳಬೇಡಿ. ಮೈಕ್ರೊಮೀಟರಿಗೆ ಹಿಡಿದವರು ಯಾರು ಎಂಬುದು ಗೊತ್ತಾಗುವುದಿಲ್ಲ, ಅಳತೆ ಸರಿಯಾಗಿದೆಯೇ ಎಂಬುದಷ್ಟೇ ಗೊತ್ತು.

ಮೊದಲ ವರ್ಷಗಳಲ್ಲಿ ಸಂಬಳ ಸಾಫ್ಟ್‌ವೇರಿನ ಗೆಳೆಯರಿಗಿಂತ ಕಡಿಮೆ ಇರಬಹುದು, ಅದನ್ನು ಮುಚ್ಚಿಡುವುದಿಲ್ಲ. ಒಂದು ಹೊಸ ಆಕ್ಚುಯೇಟರ್ ಕಾಗದದಿಂದ ಹೊರಟು, ಚಳಿ, ಬಿಸಿ, ಅದುರುವಿಕೆ, ಉಪ್ಪಿನ ಗಾಳಿ, ಮಿಂಚು, ಬೂಷ್ಟಿನ ಪರೀಕ್ಷೆಗಳನ್ನೆಲ್ಲ ದಾಟಿ ವಿಮಾನ ಏರುವಷ್ಟರಲ್ಲಿ ವರ್ಷಗಳೇ ಕಳೆಯುತ್ತವೆ. ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಾಯಿಸುವವರಿಗೆ ಈ ವಿದ್ಯೆ ಒಲಿಯುವುದಿಲ್ಲ. ತಂದೆ ತಾಯಂದಿರೇ, ಮಕ್ಕಳಿಗೆ ಆ ಕಾಲಾವಕಾಶ ಕೊಡಿ. ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿ, ಬೆಳಗಾವಿಯ ಕಾರ್ಖಾನೆಗಳ ಮಾಲೀಕರೇ, ಬರುವ ಆರ್ಡರನ್ನು ಕಡೆದು ಕಳಿಸುವುದರ ಜತೆಗೆ ಒಂದು ಮೂಲೆಯಲ್ಲಿ ಒಂದು ಟೆಸ್ಟ್ ರಿಗ್ ಹಾಕಿ, ಇಬ್ಬರು ಯುವಕರಿಗೆ ಐದು ವರ್ಷ ಬಿಟ್ಟುಕೊಡಿ. ವಿಲಿಯಂ ಮೂಗ್ ಅವರಿಗೆ ಸಿಕ್ಕಿದ್ದೂ ಒಂದು ಮೂಲೆಯೇ.

ಯುವ ಗೆಳೆಯರೇ, ಒಂದು ಭಾಗವನ್ನು ಆರಿಸಿಕೊಳ್ಳಿ. ತಿರುಪೋ, ಬೇರಿಂಗೋ, ಮೋಟಾರೋ, ಆಯಸ್ಕಾಂತವೋ, ಸಂವೇದಕವೋ, ಅದನ್ನಾಳುವ ಸಾಫ್ಟ್‌ವೇರೋ, ಯಾವುದಾದರೂ ಒಂದು. ಅದರ ಬಗ್ಗೆ ಈ ದೇಶದಲ್ಲಿ ನಿಮಗಿಂತ ಹೆಚ್ಚು ತಿಳಿದವರು ಇಲ್ಲ ಎನ್ನುವ ತನಕ ಬಿಡಬೇಡಿ. ಈ ವಾರವೇ ನಿಮ್ಮ ಕಾಲೇಜಿನ ವರ್ಕ್‌ಶಾಪಿನ ಬೀಗದ ಕೈ ಯಾರ ಬಳಿ ಇದೆ ಎಂದು ವಿಚಾರಿಸಿ, ಹೋಗಿ ಕೇಳಿ.